ಚೋಮ ಹಿಂದಿರುಗಿದ ದಾರಿ

ಶಿವರಾಮ ಕಾರಂತರ ‘ಚೋಮನ ದುಡಿ’ (೧೯೩೩) ನೆಲದ ಹಸಿವಿನ ಕಥೆಯೆಂದು ನಾವು ಪಾಠ ಹೇಳುತ್ತ ಬಂದಿದ್ದೇವೆ. ನಾನೂ ಹಲವು ವರ್ಷ ಹಾಗೆಯೇ ಹೇಳಿದೆ. ಹುಣಸೂರಿನ ತರಗತಿಯಲ್ಲಿ ಜೇನುಕುರುಬರ ಹುಡುಗನೊಬ್ಬ ಎದ್ದು, “ಪಾದ್ರಿಗಳು ಭೂಮಿ ಎಲ್ಲಿ ಕೊಡ್ತೀವಿ ಅಂದ್ರು ಸಾರ್?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಕಾದಂಬರಿಯನ್ನು ಮತ್ತೆ ಓದಬೇಕಾಯಿತು.

ಚೋಮ ಬಯಸಿದ್ದು ಬೇಸಾಯ. ಮತ ಬಿಟ್ಟರೆ ಅದು ಕೈಗೂಡುವಂತಿತ್ತು. ಹೊರಟವನು ಪಂಜುರ್ಲಿಯ ನೆನಪಿನಿಂದ ಹಿಂದಿರುಗುತ್ತಾನೆ. ಇದನ್ನು ಬರಿಯ ದೈವಭೀತಿಯೆಂದು ಬದಿಗೆ ಸರಿಸುವುದು ಸುಲಭ. ಏನೂ ಇಲ್ಲದವನಿಗೂ ‘ಇದು ಬೇಕು, ಅದು ಬೇಡ’ ಎನ್ನುವ ಮನಸ್ಸಿರುತ್ತದೆ ಎಂಬುದನ್ನು ನಮ್ಮ ಕರುಣೆ ಅಷ್ಟು ಬೇಗ ಒಪ್ಪುವುದಿಲ್ಲ.

ನಮ್ಮ ಸೀಮೆಯಲ್ಲಿ ಇದು ಕೇವಲ ಸಾಹಿತ್ಯದ ಪ್ರಶ್ನೆಯಲ್ಲ. ನಾಗರಹೊಳೆಯಿಂದ ನೆಲೆ ತಪ್ಪಿದವರ ಬಗ್ಗೆ ಹೈಕೋರ್ಟು ನೇಮಿಸಿದ ಪ್ರೊ. ಮುಜಾಫರ್ ಅಸಾದಿ ಸಮಿತಿ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ವಿರಾಜಪೇಟೆ ತಾಲ್ಲೂಕುಗಳ ೩,೪೧೮ ಕುಟುಂಬಗಳಿಗೆ ಪುನರ್ವಸತಿಯಾಗಬೇಕೆಂದು ೨೦೧೪ರಲ್ಲಿ ವರದಿ ಕೊಟ್ಟಿತು. ‘ಪುನರ್ವಸತಿ’ಯನ್ನು ಕನ್ನಡ ಮೇಷ್ಟರ ಅಭ್ಯಾಸದಂತೆ ಒಡೆದು ನೋಡಿದರೆ ‘ಮತ್ತೆ ವಾಸ’ ಎಂದಷ್ಟೇ ಸಿಕ್ಕುತ್ತದೆ. ‘ಎಲ್ಲಿ’ ಎಂಬುದು ಆ ಪದದಲ್ಲಿಲ್ಲ. ನಾಗಾಪುರದಲ್ಲಿ ಮನೆಯನ್ನೂ ಜಮೀನನ್ನೂ ಕೊಟ್ಟರು. ಆದರೆ ಕಾಡಿನವರಿಗೆ ಹಾಡಿಯೆಂದರೆ ನಾಲ್ಕು ಗೋಡೆಯಲ್ಲ. ಜೇನು, ಗೆಡ್ಡೆಗೆಣಸು, ಹಿರಿಯರನ್ನು ಹೂತ ಜಾಗ, ದೇವರ ನೆಲೆ ಎಲ್ಲವೂ ಅದರೊಳಗೆ ಸೇರಿದವು. ೨೦೦೬ರ ಅರಣ್ಯ ಹಕ್ಕು ಕಾಯಿದೆ ಜೇನು, ಗೆಡ್ಡೆಗಳ ಮೇಲಿನ ಹಕ್ಕನ್ನಾದರೂ ಗುರುತಿಸಿದೆ. ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಕಾಲ ಕಳೆದಿದ್ದ ೫೨ ಜೇನುಕುರುಬ ಕುಟುಂಬಗಳು ೨೦೨೫ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರುಕೊಲ್ಲಿಗೆ ಮರಳಿ ಗುಡಿಸಲು ಹಾಕತೊಡಗಿದಾಗ ನನಗೆ ಚೋಮನ ನೆನಪಾಯಿತು. (ಚೋಮನ ಮಕ್ಕಳು ಸಾಲ ತೀರಿಸಲು ಹೋದದ್ದೂ ಕಾಫಿ ತೋಟಕ್ಕೇ.)

ಎಲ್ಲರೂ ಕಾಡನ್ನೇ ಬಯಸುತ್ತಾರೆಂದು ಹೇಳಿದರೆ ಅದೂ ನಮ್ಮ ಭಾವುಕತೆಯೇ. ಶಾಲೆ, ಆಸ್ಪತ್ರೆ ಹತ್ತಿರವಿರಲಿ ಎನ್ನುವವರೂ ಇದ್ದಾರೆ. ನನ್ನನ್ನು ಪ್ರಶ್ನಿಸಿದ ಹುಡುಗ ಅಂಥವರ ಮಗ.

ಕಾರಂತರ ಮೇಲೆ ನನ್ನದೊಂದು ಆಕ್ಷೇಪಣೆಯಿದೆ. ನೀಲ ನೀರಿನಲ್ಲಿ ಮುಳುಗಿ ಸತ್ತ ದುಃಖಕ್ಕೂ ಬೆಳ್ಳಿಯ ಪ್ರಕರಣದ ಆಘಾತಕ್ಕೂ ನಡುವೆ ಸಿಕ್ಕಿ, ಚೋಮ ಹಿಂದಿರುಗಿದ ಗಳಿಗೆ ಮಸುಕಾಗಿಬಿಡುತ್ತದೆ. ಮನೆ ಸೇರುವವರೆಗೆ ಅವನು ತನ್ನೊಳಗೆ ಏನೇನು ತೂಗಿ ನೋಡಿದನೋ! ಅದಕ್ಕೆ ಇನ್ನೆರಡು ಪುಟ ಕೊಡಬಹುದಾಗಿತ್ತು.