ಅಡುಗೆಮನೆಯಲ್ಲೊಂದು ಕಾಫಿ ಅಂಗಡಿ

ಅಡುಗೆಮನೆಗೆ ಯಾವ ಯಂತ್ರ ಬಂದರೂ ನಾವು ಹೆಂಗಸರು ಅದನ್ನು ಅಳೆಯುವುದು ಒಂದೇ ಅಳತೆಗೋಲಿನಿಂದ: ಇದರಿಂದ ನಮ್ಮ ಕೆಲಸ ಎಷ್ಟು ಕಡಿಮೆಯಾಯಿತು? ಮಿಕ್ಸಿ ಒರಳುಕಲ್ಲಿನಿಂದ ಬಿಡುಗಡೆ ಕೊಟ್ಟಿತು. ಕುಕ್ಕರ್ ಒಲೆ ಕಾಯುವುದನ್ನು ತಪ್ಪಿಸಿತು. ರುಚಿ ಕೆಟ್ಟಿತೆಂದು ಹಿರಿಯರು ಗೊಣಗಿದರೂ ಸೊಂಟಕ್ಕೆ ಸಿಕ್ಕ ಆರಾಮದ ಮುಂದೆ ಆ ಗೊಣಗಾಟ ನಡೆಯಲಿಲ್ಲ. ಈಗ ಚೆನ್ನಾಗಿ ಸಂಪಾದಿಸುವ ಮಕ್ಕಳಿರುವ ಮನೆಗಳಿಗೆ ಎಸ್‌ಪ್ರೆಸೊ ಯಂತ್ರ ಬರುತ್ತಿದೆ. ಒಳ್ಳೆಯದಕ್ಕೆ ಲಕ್ಷ ರೂಪಾಯಿಗೂ ಮೀರಿದ ಬೆಲೆ. ಇದರ ಹಾದಿ ಮಾತ್ರ ತಿರುವುಮುರುವು. ರುಚಿಯನ್ನು ಹೆಚ್ಚಿಸುತ್ತದೆ, ಜೊತೆಗೆ ಕೆಲಸವನ್ನೂ ಹೆಚ್ಚಿಸುತ್ತದೆ. ಮಗ ತರಿಸಿದ ಯಂತ್ರವನ್ನು ಆರು ತಿಂಗಳು ಹತ್ತಿರದಿಂದ ಕಂಡ ಮೇಲೆ ಈ ಮಾತು ಬರೆಯುತ್ತಿದ್ದೇನೆ.

ಇದರ ಹುಟ್ಟೂರು ಇಟಲಿ. ಟ್ಯೂರಿನ್ ನಗರದ ಏಂಜೆಲೊ ಮೊರಿಯೊಂಡೊ 1884ರಲ್ಲಿ ಹಬೆಯ ಬಲದಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. 1901ರಲ್ಲಿ ಮಿಲಾನ್‌ನ ಲುಯಿಜಿ ಬೆಜ್ಜೆರಾ ಒಂದೊಂದು ಬಟ್ಟಲಿಗೂ ಬೇರೆಬೇರೆಯಾಗಿ ಕಾಫಿ ಇಳಿಯುವಂತೆ ಮಾಡಿದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಕಿಲೆ ಗಾಜಿಯಾನ ಯಂತ್ರಗಳು ಸನ್ನೆಕೋಲಿನಿಂದ ಒತ್ತಡ ಹೆಚ್ಚಿಸಿದವು. ಬಟ್ಟಲಿನ ಮೇಲೆ ಹೊಂಬಣ್ಣದ ನೊರೆ ಕಟ್ಟತೊಡಗಿದ್ದು ಆಗ. 1961ರ ಫೇಮಾ ಇ-61 ಯಂತ್ರದಲ್ಲಿ ತೋಳಿನ ಬದಲು ವಿದ್ಯುತ್ ಪಂಪು ಬಂತು. ಇವೆಲ್ಲವೂ ಅಂಗಡಿಗಾಗಿ ಹುಟ್ಟಿದವು. ಸಂಬಳ ಪಡೆದು ನಿಂತ ಕೆಲಸಗಾರ, ಎದುರಿಗೆ ಆತುರದ ಗಿರಾಕಿ. ಇಟಲಿಯ ಮನೆಗಳಲ್ಲಿ ತಲೆಮಾರುಗಳಿಂದ ಒಲೆಯ ಮೇಲೆ ಕೂತದ್ದು 1933ರಲ್ಲಿ ಅಲ್ಫೊನ್ಸೊ ಬಿಯಾಲೆಟ್ಟಿ ಮಾರುಕಟ್ಟೆಗೆ ತಂದ ಪುಟ್ಟ ಮೋಕಾ ಪಾತ್ರೆ. ಎಸ್‌ಪ್ರೆಸೊ ಬೇಕಾದವರು ಬೀದಿಗೆ ಹೋಗಿ, ನಿಂತೇ ಕುಡಿದು ಬರುತ್ತಾರೆ. ಅಂದರೆ ನಾವು ಮನೆಗೆ ತಂದಿರುವುದು ಒಂದು ಅಂಗಡಿಯನ್ನು. ಅಂಗಡಿಯ ಕೆಲಸಗಾರನನ್ನು ಮಾತ್ರ ತಂದಿಲ್ಲ.

ಯಂತ್ರವನ್ನು ನೆಲೆಗೊಳಿಸುವುದೇ ಒಂದು ಸಂಸಾರ ಹೂಡಿದಂತೆ. ಮೊದಲ ಪ್ರಶ್ನೆ ನೀರಿನದು. ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಒಳಗೆ ಬಿಳಿ ಪೊರೆ ಕಟ್ಟುತ್ತದೆ, ನಮ್ಮ ಸ್ನಾನದ ಗೀಸರಿನ ಕಥೆಯೇ. ಹಾಗೆಂದು ಲವಣವೇ ಇಲ್ಲದಷ್ಟು ಶುದ್ಧ ನೀರು ಹಾಕಿದರೆ ಅದು ವಿದ್ಯುತ್ತನ್ನು ಸರಿಯಾಗಿ ಹರಿಸದು; ಬಾಯ್ಲರಿನಲ್ಲಿ ನೀರಿದೆಯೋ ಇಲ್ಲವೋ ಎಂಬುದು ಕೆಲವು ಯಂತ್ರಗಳಿಗೆ ತಿಳಿಯುವುದೇ ಇಲ್ಲ. ಎರಡರ ನಡುವಿನ ಹದ ಬೇಕು. ಎರಡನೆಯದು ಬೀಜ ಪುಡಿಮಾಡುವ ಯಂತ್ರ. ಅದಕ್ಕೆ ಬೇರೆ ದುಡ್ಡು, ಬೇರೆ ಜಾಗ. ಅಂಗಡಿಯಿಂದ ತಂದ ಫಿಲ್ಟರ್ ಪುಡಿ ಇಲ್ಲಿ ನಡೆಯದು. ಸಾಮಾನ್ಯ ಲೆಕ್ಕ ಹೀಗೆ: 18 ಗ್ರಾಂ ಪುಡಿ, ಸುಮಾರು 93 ಡಿಗ್ರಿ ಬಿಸಿಯ ನೀರು, 9 ಬಾರ್ ಒತ್ತಡ, 25ರಿಂದ 30 ಸೆಕೆಂಡಿನಲ್ಲಿ ಇಳಿಯಬೇಕಾದದ್ದು 36 ಗ್ರಾಂ ಕಾಫಿ. ಕುಕ್ಕರ್ ಕೂಗುವಾಗ ಅದರೊಳಗಿರುವ ಒತ್ತಡದ ಸುಮಾರು ಒಂಬತ್ತು ಪಟ್ಟು ಎಂದರೆ ನಮಗೆ ಬೇಗ ಅರ್ಥವಾದೀತು. ಪುಡಿ ದಪ್ಪವಾದರೆ ಕಾಫಿ ಸುರಿದುಹೋಗಿ ಹುಳಿಯಾಗುತ್ತದೆ. ತೀರ ನಯವಾದರೆ ತೊಟ್ಟಿಕ್ಕಿ ಕಹಿಯಾಗುತ್ತದೆ. ಹದ ಸಿಕ್ಕುವ ತನಕ ಬಟ್ಟಲುಗಟ್ಟಲೆ ಕಾಫಿ ಬಚ್ಚಲಿಗೆ.

ಹದ ಸಿಕ್ಕಿದ ಮೇಲೆ? ರುಚಿಯ ಬಗ್ಗೆ ಅಪಸ್ವರ ಎತ್ತಲಾರೆ. ಚಿಕೋರಿಯ ಮರೆಯಿಲ್ಲದೆ ಬೀಜದ ಗುಣ ನೇರವಾಗಿ ನಾಲಿಗೆಗೆ ಬರುತ್ತದೆ. ದೇಶದ ಕಾಫಿಯಲ್ಲಿ ಶೇಕಡಾ 70ರಷ್ಟು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನಗಳದ್ದು. ಆದರೂ ಅದರ ನಿಜವಾದ ರುಚಿ ಕಂಡವರು ನಮ್ಮಲ್ಲಿ ಕಡಿಮೆ. ಒಳ್ಳೆಯ ಬೀಜ ಹಡಗು ಹತ್ತುತ್ತದೆ. ಭಾರತದ ಕಾಫಿ ಕೊಳ್ಳುವ ದೇಶಗಳಲ್ಲಿ ಬಹುಕಾಲದಿಂದ ಮುಂದಿರುವುದು ಇದೇ ಇಟಲಿ. ಆ ಹೊಂಬಣ್ಣದ ನೊರೆ ದಟ್ಟವಾಗಲು ಅವರು ನಮ್ಮ ರೊಬಸ್ಟಾವನ್ನು ಬೆರೆಸುತ್ತಾರೆ. ತೋಟದವರ ನಾಡಿನಲ್ಲೇ ಆ ರುಚಿ ಮನೆಯೊಳಗೆ ಸಿಗುವಂತಾದದ್ದು ಸಂತೋಷದ ಸಂಗತಿಯೇ.

ನನ್ನ ತಕರಾರು ಬೇರೆ. ಗ್ರಾಂ, ಡಿಗ್ರಿ, ಸೆಕೆಂಡು ಎಲ್ಲವನ್ನೂ ಅಳೆಯುವ ಈ ವಿದ್ಯೆ ಒಂದನ್ನು ಮಾತ್ರ ಅಳೆಯುವುದಿಲ್ಲ, ಒರೆಸುವವಳ ಹೊತ್ತನ್ನು. ನಮ್ಮಲ್ಲಿರುವಂಥ ಭಾರಿ ಯಂತ್ರ ಸರಿಯಾಗಿ ಬಿಸಿಯಾಗಲು ಅರ್ಧ ಗಂಟೆ ಬೇಕು. ಹಾಲಿಗೆ ಹಬೆ ಕೊಟ್ಟ ನಳಿಕೆಯನ್ನು ಕೂಡಲೇ ಒರೆಸದಿದ್ದರೆ ಹಾಲು ಒಣಗಿ ಕಚ್ಚಿಕೊಳ್ಳುತ್ತದೆ. ಪ್ರತಿ ಬಟ್ಟಲಿಗೂ ಚರಟ ಬಡಿದು ತೆಗೆಯಬೇಕು, ಕೆಳಗಿನ ತಟ್ಟೆಯ ನೀರು ಚೆಲ್ಲಬೇಕು. ಮನೆಗೆ ಆರು ಜನ ನೆಂಟರು ಬಂದರೆ ಆರು ಸಲ ಇದೇ ಪಾಡು. ಆರನೆಯವರ ಬಟ್ಟಲು ಬರುವಾಗ ಮೊದಲನೆಯವರು ಹೊರಟು ನಿಂತಿರುತ್ತಾರೆ. ಮೊದಮೊದಲು ಮಗ ಕಾಫಿ ಇಳಿಸಿ, ಎಲ್ಲರ ಮೆಚ್ಚುಗೆ ಪಡೆದು, ಎದ್ದು ಹೋಗುತ್ತಿದ್ದ. ಸೊಸೆ ಬಟ್ಟೆ ಹಿಡಿದು ನಿಲ್ಲುತ್ತಿದ್ದಳು. ಹೆಂಗಸು ಮಾಡಿದರೆ ಕೆಲಸ, ಗಂಡಸು ಮಾಡಿದರೆ ಕಲೆ!

ಹಾಗೆಂದು ಹಿತ್ತಾಳೆ ಫಿಲ್ಟರಿನ ಕಾಲವೇ ಸ್ವರ್ಗವೆಂದು ಹಾಡಿ ಹೊಗಳಲು ನನಗೆ ಮನಸ್ಸಿಲ್ಲ. ಒಂದೇ ಸಲ ಇಳಿದ ಡಿಕಾಕ್ಷನ್ ಮನೆಮಂದಿಗೆಲ್ಲ ಆಗುತ್ತಿತ್ತು ನಿಜ. ಆದರೆ ಬೆಳಗಿನ ಜಾವ ಎದ್ದು ಅದನ್ನು ಇಳಿಸುತ್ತಿದ್ದವರು ಯಾರು? ಎಲ್ಲರಿಗೂ ಕೊಟ್ಟು, ತಳದಲ್ಲಿ ಉಳಿದ ತಿಳಿಗಾಫಿ ಕುಡಿಯುತ್ತಿದ್ದವರು ಯಾರು? ಆ ಫಿಲ್ಟರ್ ನಮ್ಮ ಮನೆಯ ಗಂಡಸರನ್ನು ಒಂದು ದಿನವೂ ಅಡುಗೆಮನೆಗೆ ಕರೆಯಲಿಲ್ಲ. ಈ ಯಂತ್ರ ಕರೆದಿದೆ. ಅದನ್ನು ನಾನು ಸಣ್ಣ ಗುಣವೆಂದು ಎಣಿಸುವುದಿಲ್ಲ. ಕರೆದ ಮೇಲೆ ಅರ್ಧ ದಾರಿಯಲ್ಲಿ ಬಿಟ್ಟು ಕಳಿಸಬಾರದು, ಅಷ್ಟೆ. ನಮ್ಮಲ್ಲಿ ಈಗ ಒಂದು ಕಟ್ಟಳೆಯಿದೆ: ಇಳಿಸಿದವರೇ ಒರೆಸಬೇಕು. ಹೇಳಿದ್ದು ಸೊಸೆ, ಒತ್ತಾಸೆಗೆ ನಿಂತದ್ದು ನಾನು. ಮಗ ಎರಡು ದಿನ ಮುಖ ಊದಿಸಿಕೊಂಡ. ಮೂರನೆಯ ದಿನ ನಳಿಕೆ ಒರೆಸಿದ.

ಇಂಥ ಯಂತ್ರ ಕೊಳ್ಳುವ ಮಾತು ನಿಮ್ಮ ಮನೆಯಲ್ಲಿ ಎದ್ದರೆ ಬೆಲೆ, ಬಣ್ಣ, ಕಂಪನಿಗಳ ಚರ್ಚೆ ಹೇಗೂ ನಡೆಯುತ್ತದೆ. ನಲ್ಲಿಯ ನೀರು ಎಂಥದು, ಪುಡಿಯ ಯಂತ್ರಕ್ಕೆ ದುಡ್ಡಿದೆಯೇ, ದಿನಾ ಒರೆಸುವವರು ಯಾರು, ಈ ಮೂರನ್ನು ನೀವು ಕೇಳಿ. ಮೂರನೆಯದಕ್ಕೆ ಉತ್ತರ ಬರುವ ತನಕ ದುಡ್ಡು ಕಟ್ಟಲು ಬಿಡಬೇಡಿ.