ಒಳಗೇನೂ ಇಲ್ಲದ ಬಾಂಬು

ಟ್ಯಾಂಕ್ ನಿರೋಧಕ ಆಯುಧಗಳಲ್ಲಿ ಕುರೂಪಕ್ಕೆ ಬಹುಮಾನ ಇಟ್ಟರೆ ಅದು ಬ್ರಿಟನ್ನಿನ ಪಿಯಾಟ್‌ಗೇ ಸಲ್ಲಬೇಕು. ಸುಮಾರು ಒಂದು ಮೀಟರ್ ಉದ್ದದ ಉಕ್ಕಿನ ಕೊಳವೆ, ಮುಂದೆ ಬಾಂಬು ಮಲಗಿಸಲು ಮೇಲ್ಭಾಗ ತೆರೆದ ತೊಟ್ಟಿ, ಹಿಂದೆ ಭುಜಕ್ಕೊತ್ತಿಕೊಳ್ಳಲು ದಪ್ಪ ಮೆತ್ತೆ, ನೆಲಕ್ಕೂರಲು ಒಂಟಿ ಕಾಲು. ನಲ್ಲಿ ರಿಪೇರಿಯವನು ಕೆಲಸ ಅರ್ಧಕ್ಕೆ ಬಿಟ್ಟು ಎದ್ದುಹೋದ ಹಾಗಿದೆ. ಪಕ್ಕದಲ್ಲಿ ಜರ್ಮನ್ನರ ಪಾಂಟ್ಸರ್‌ಫೌಸ್ಟ್ ಇಟ್ಟರಂತೂ ಯಾರೂ ಪಿಯಾಟ್ ಕಡೆ ತಿರುಗಿಯೂ ನೋಡುವುದಿಲ್ಲ. ಸಪೂರ ಕೊಳವೆ, ಅದರ ತುದಿಗೆ ದಪ್ಪ ತಲೆ, ಹಿಂಭಾಗದಿಂದ ಬೆಂಕಿ ಬರುತ್ತದೆಂದು ಎಚ್ಚರಿಸುವ ಕೆಂಪಕ್ಷರ. ಹೊಸ ಸಂಗ್ರಾಹಕರು ಮರುಳಾಗುವುದು ಅದಕ್ಕೇ, ನಕಲಿಗಳ ಕಾಟವೂ ಅದಕ್ಕೇ. ಎರಡರಲ್ಲಿ ಒಂದನ್ನು ಆರಿಸಿಕೋ ಎಂದರೆ ನಾನು ಪಿಯಾಟನ್ನೇ ಎತ್ತಿಕೊಳ್ಳುತ್ತೇನೆ, ಅದೂ ಬಾಂಬಿನ ಸಮೇತ. ಬಾಂಬಿಲ್ಲದಿದ್ದರೆ ಬೇಡ.

ಈ ಹಟಕ್ಕೆ ಕಾರಣವಿದೆ. ಪಿಯಾಟ್‌ಗೆ ನಿಜವಾದ ಅರ್ಥದಲ್ಲಿ ನಳಿಗೆಯೇ ಇಲ್ಲ. ಒಳಗಿರುವುದು ಬಲವಾದ ಒಂದು ಸ್ಪ್ರಿಂಗು ಮತ್ತು ಉಕ್ಕಿನ ಸಲಾಕೆ. ಕುದುರೆ ಎಳೆದೊಡನೆ ಸಲಾಕೆ ಮುನ್ನುಗ್ಗಿ ಬಾಂಬಿನ ಟೊಳ್ಳು ಬಾಲದೊಳಗೆ ಹೊಕ್ಕು, ಅಲ್ಲಿರುವ ಸಣ್ಣ ತೋಟೆಯನ್ನು ಸಿಡಿಸುತ್ತದೆ. ಬಾಂಬು ಹಾರುತ್ತದೆ, ಹಿನ್ನೂಕಿನಿಂದ ಸಲಾಕೆ ವಾಪಸು ಬಂದು ಸ್ಪ್ರಿಂಗು ಮತ್ತೆ ಬಿಗಿಯಾಗುತ್ತದೆ. ಅಂದರೆ ನಳಿಗೆಯ ಕೆಲಸವನ್ನು ಬಾಂಬಿನ ಬಾಲವೇ ಮಾಡುತ್ತದೆ. ಆಯುಧದ ಅರ್ಧಭಾಗ ಮದ್ದುಗುಂಡಿನಲ್ಲೇ ಇದೆ. ಕೊಳವೆಯೊಂದನ್ನೇ ಗೋಡೆಗೆ ತೂಗುಹಾಕಿ ‘ನನ್ನ ಹತ್ತಿರ ಪಿಯಾಟ್ ಇದೆ’ ಎನ್ನುವವರು ಅರ್ಧ ಸತ್ಯವನ್ನಷ್ಟೇ ಹೇಳುತ್ತಿದ್ದಾರೆ.

ಮೂಲ ಯೋಚನೆ ಸ್ಟುವರ್ಟ್ ಬ್ಲ್ಯಾಕರ್ ಎಂಬ ಸೇನಾಧಿಕಾರಿಯದು. ಅದನ್ನು ಕೆಲಸಕ್ಕೆ ಬರುವ ಹಾಗೆ ತಿದ್ದಿದವರು ಮಿಲಿಸ್ ಜೆಫರಿಸ್. ಅವರಿದ್ದ ಗುಪ್ತ ವಿಭಾಗಕ್ಕೆ ‘ಚರ್ಚಿಲ್ಲರ ಆಟಿಕೆ ಅಂಗಡಿ’ ಎಂದೇ ಹೆಸರು ಬಿದ್ದಿತ್ತು. 1943ರಲ್ಲಿ ಯುದ್ಧಕ್ಕಿಳಿದ ಈ ಆಟಿಕೆಯ ತೂಕ ಸುಮಾರು 14.5 ಕಿಲೋ. ಮೊದಲ ಸಲ ಸ್ಪ್ರಿಂಗು ಏರಿಸಲು ಸೈನಿಕ ಎರಡೂ ಕಾಲು ಕೊಟ್ಟು ಸುಮಾರು 90 ಕಿಲೋ ಬಲದ ವಿರುದ್ಧ ಎಳೆಯಬೇಕಿತ್ತು. ಶತ್ರುವಿನ ಎದುರು ಮಲಗಿಕೊಂಡೇ ಈ ಕಸರತ್ತು ಮಾಡಬೇಕಾದವರು ವಿನ್ಯಾಸಕಾರರನ್ನು ಶಪಿಸದೆ ಇದ್ದಾರೆಯೇ! ಟ್ಯಾಂಕನ್ನು ಹೊಡೆಯಬೇಕಾದರೆ 100 ಮೀಟರಿಗೂ ಹತ್ತಿರ ಹೋಗಬೇಕು. ಆದರೆ ಹೊಡೆದಾಗ ಹಿಂದಿನಿಂದ ಬೆಂಕಿಯಿಲ್ಲ, ಹೊಗೆಯಿಲ್ಲ. ಅವಿತವರ ಜಾಗ ಬಯಲಾಗುತ್ತಿರಲಿಲ್ಲ.

ಇದು ಎಲ್ಲೋ ಯುರೋಪಿನ ಕಥೆ ಎಂದುಕೊಳ್ಳಬೇಡಿ. 1944ರ ಜೂನ್ 12ರಂದು ಮಣಿಪುರದ ನಿಂಗ್‌ತೌಕೊಂಗ್‌ನಲ್ಲಿ ಜಪಾನಿ ಟ್ಯಾಂಕುಗಳು ನುಗ್ಗಿದಾಗ, ಪಿಯಾಟ್ ಹೊತ್ತು ತೆವಳಿಕೊಂಡು ಹೋದವರು ಏಳನೇ ಗೂರ್ಖಾ ರೈಫಲ್ಸ್‌ನ ಗಂಜು ಲಾಮಾ. ಸಿಕ್ಕಿಮಿನವರು. ಎಡ ಮಣಿಕಟ್ಟು ಮುರಿದಿತ್ತು, ಬಲಗೈಗೂ ಕಾಲಿಗೂ ಗಾಯ. ಆ ಸ್ಥಿತಿಯಲ್ಲೇ 30 ಗಜದಷ್ಟು ಹತ್ತಿರ ಹೋಗಿ ಒಂದರ ಹಿಂದೊಂದು ಎರಡು ಟ್ಯಾಂಕುಗಳನ್ನು ಕೆಡವಿದರು. ವಿಕ್ಟೋರಿಯಾ ಕ್ರಾಸ್ ಬಂತು. ಕೆಲವೇ ವಾರಗಳ ಹಿಂದೆ ಇಂಥದೇ ಸಾಹಸಕ್ಕೆ ಮಿಲಿಟರಿ ಮೆಡಲ್ ಪಡೆದಿದ್ದರು. ಆ ಮಣಿಕಟ್ಟಿನಲ್ಲಿ 14.5 ಕಿಲೋ ಎತ್ತುವುದನ್ನು ಊಹಿಸಿಕೊಂಡ ಮೇಲೆ ಪಿಯಾಟನ್ನು ಕುರೂಪಿ ಎನ್ನಲು ನನಗೆ ಸ್ವಲ್ಪ ಮುಜುಗರವೇ.

ಬಾಂಬಿನ ವಿಷಯಕ್ಕೆ ಬರೋಣ. ಮಾರುಕಟ್ಟೆಯಲ್ಲಿ ‘ನಿಷ್ಕ್ರಿಯ’ ಎಂಬ ಚೀಟಿ ಹೊತ್ತು ಬರುವುದರಲ್ಲಿ ಎರಡು ಜಾತಿ. ಒಂದು, ಕಾರ್ಖಾನೆಯಲ್ಲೇ ತರಬೇತಿಗೆಂದು ಮದ್ದಿಲ್ಲದೆ ತಯಾರಾದ ಡ್ರಿಲ್ ಬಾಂಬು. ಕಪ್ಪು ಬಣ್ಣ, ಮೈಮೇಲೆ ‘ಡ್ರಿಲ್’ ಎಂಬ ಬರಹ. ಇನ್ನೊಂದು, ನಿಜವಾದ ಬಾಂಬಿನ ಮದ್ದನ್ನು ಆಮೇಲೆ ಯಾರೋ ತೆಗೆದದ್ದು. ಎರಡನೆಯದಕ್ಕೆ ಬೆಲೆ ಜಾಸ್ತಿ ಹೇಳುವವರಿದ್ದಾರೆ. ನನ್ನ ಮತ ಕಣ್ಣು ಮುಚ್ಚಿ ಮೊದಲನೆಯದಕ್ಕೆ. ಅದು ಹುಟ್ಟಿದಂದಿನಿಂದ ಸುಳ್ಳು ಹೇಳಿಲ್ಲ. ಎರಡನೆಯದರಲ್ಲಿ ಮದ್ದು ತೆಗೆದವರು ಯಾರು, ಪೂರ್ತಿ ತೆಗೆದರೇ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಬಣ್ಣ ಮಾಸಿದ್ದರೆ ಮಾಸಿರಲಿ. ಹೊಸ ಬಣ್ಣ ಬಳಿದು ಫಳಫಳ ಮಾಡಿದ ಬಾಂಬಿನಲ್ಲಿ ಓದಲು ಏನೂ ಉಳಿದಿರುವುದಿಲ್ಲ.

ಓದುವುದೇ ಈ ಹವ್ಯಾಸದ ಮುಖ್ಯ ಸುಖ. ದೊಡ್ಡ ಆಯುಧ ಕೊಳ್ಳಲಾಗದವರು .303 ಕೋವಿಯ ಒಂದು ಖಾಲಿ ತೋಟೆಯ ತಳ ನೋಡಿ ಸಾಕು. ‘ಕೆ.ಎಫ್.’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಪುಣೆ ಬಳಿಯ ಖಡ್ಕಿಯ ಕಾರ್ಖಾನೆಯದು. ಆಗಿನ ಹೆಸರು ಕಿರ್ಕೀ. ಜೊತೆಗೆ ಇಸವಿ. ಬ್ರಿಟಿಷ್ ಪದ್ಧತಿಯಲ್ಲಿ ನಡುವಿನ ಕ್ಯಾಪಿನ ಸುತ್ತ ತೆಳ್ಳನೆಯ ಬಣ್ಣದ ಉಂಗುರವೂ ಇರುತ್ತದೆ: ನೇರಳೆಯಾದರೆ ಸಾಧಾರಣ ಗುಂಡು, ಹಸಿರಾದರೆ ಕವಚ ಸೀಳುವಂಥದು, ಕೆಂಪಾದರೆ ಹೊಳೆಯುತ್ತಾ ಹೋಗುವ ಟ್ರೇಸರ್. ಹುಣಸೆಹಣ್ಣು ಹಾಕಿ ಉಜ್ಜಿದರೆ ಹಿತ್ತಾಳೆ ಬೆಳಗುತ್ತದೆ, ಉಂಗುರ ಹೋಗುತ್ತದೆ. ದಯವಿಟ್ಟು ಉಜ್ಜಬೇಡಿ.

ಅಪಾಯದ ಮಾತನ್ನು ಹೇಳದೆ ಇರುವಂತಿಲ್ಲ. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಪಳಗಿದ ಸಂಗ್ರಾಹಕರೊಬ್ಬರು ಅಂತರ್ಯುದ್ಧ ಕಾಲದ ಫಿರಂಗಿ ಗುಂಡೊಂದನ್ನು ಹಸನು ಮಾಡುತ್ತಿದ್ದಾಗ ಅದು ಸಿಡಿದು ತೀರಿಕೊಂಡರು. 140 ವರ್ಷ ದಾಟಿದ್ದ ಮದ್ದು ಅದು. ನಮ್ಮಲ್ಲೇ ನೋಡಿ: 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯಿಂದ ಸಾವಿರಕ್ಕೂ ಹೆಚ್ಚು ಮೈಸೂರು ರಾಕೆಟ್‌ಗಳನ್ನು ಹೊರತೆಗೆದಾಗ, ಬಾವಿಯ ಮಣ್ಣು ಇನ್ನೂ ಮದ್ದಿನ ವಾಸನೆ ಹೊಡೆಯುತ್ತಿತ್ತು. ಟಿಪ್ಪುವಿನ ಕಾಲದ ಸರಕು! ಹಳೆಯದು ಎಂದ ಮಾತ್ರಕ್ಕೆ ಸತ್ತಿದೆ ಎಂದಲ್ಲ. ಮಣ್ಣಿನಲ್ಲಿ ಸಿಕ್ಕಿದ್ದನ್ನು ಮುಟ್ಟದೆ ಪೊಲೀಸರಿಗೆ ಹೇಳಿ.

ಬ್ರಿಟನ್ನಿನಲ್ಲಿ ಪಿಯಾಟ್ ಕೊಳವೆಯನ್ನು ನಿಷ್ಕ್ರಿಯಗೊಳಿಸಿ, ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾಗೃಹದ ಪ್ರಮಾಣಪತ್ರದೊಂದಿಗೆ ಮನೆಯಲ್ಲಿಟ್ಟುಕೊಳ್ಳಬಹುದು. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆ ಬೇರೆ ಥರ. ಅದರಲ್ಲಿ ಮದ್ದುಗುಂಡು ಎಂದರೆ ಅದರ ಬಿಡಿಭಾಗಗಳೂ ಸೇರುತ್ತವೆ. ಬೇರೆ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶವಿಲ್ಲದ ಚಿಲ್ಲರೆ ಭಾಗಗಳಿಗೆ ವಿನಾಯಿತಿ ಇದೆ, ನಿಜ. ಆದರೆ ಆ ವಾದವನ್ನು ವಿಮಾನ ನಿಲ್ದಾಣದ ತಪಾಸಣೆಯ ಸಾಲಿನಲ್ಲಿ ನಿಂತು ಮಂಡಿಸುವ ಗ್ರಹಚಾರ ಯಾರಿಗೂ ಬೇಡ. ವಿದೇಶದ ಸಂತೆಯಲ್ಲಿ ಕೊಂಡ ಖಾಲಿ ತೋಟೆಯನ್ನು ಚೀಲದಲ್ಲಿಟ್ಟುಕೊಂಡು ಬರುವ ಮುನ್ನ ವಕೀಲರನ್ನು ಕೇಳಿ.

ಇಷ್ಟೆಲ್ಲ ರಗಳೆ ಬೇಡ ಎನ್ನುವವರಿಗೆ ಒಂದು ದಾರಿ ಇದೆ. ಪಿಯಾಟ್ ಬಾಂಬುಗಳನ್ನು ಮೂರು ರಟ್ಟಿನ ಕೊಳವೆಗಳನ್ನು ಜೋಡಿಸಿ ಕಟ್ಟಿದ ಪೊಟ್ಟಣದಲ್ಲಿ ಹೊರುತ್ತಿದ್ದರು. ಅದರಲ್ಲಿ ಸಿಡಿಯುವುದೂ ಇಲ್ಲ, ಕಾನೂನಿಗೆ ತಗಲುವುದೂ ಇಲ್ಲ. ರಟ್ಟಾದ್ದರಿಂದ ಬಹುಪಾಲು ಮಳೆಗೆ ನೆನೆದು ಹಾಳಾಗಿವೆ. ಮುಚ್ಚಳ, ಪಟ್ಟಿ, ಮೇಲಿನ ಮುದ್ರೆ ಮೂರೂ ಇರುವಂಥದು ಕಣ್ಣಿಗೆ ಬಿದ್ದರೆ ಚೌಕಾಸಿ ಮಾಡುತ್ತಾ ನಿಲ್ಲಬೇಡಿ, ಹಿಂದಿರುವವನು ಎತ್ತಿಕೊಂಡು ಹೋಗುತ್ತಾನೆ.