ಸಕ್ಕರೆಯ ಗಿಳಿ

ಸಂಕ್ರಾಂತಿಗೆ ಇನ್ನೆರಡು ವಾರ ಇರುವಾಗಲೇ ನಮ್ಮ ಮನೆಯ ಅಟ್ಟದಿಂದ ಹಳೆಯ ಪೆಟ್ಟಿಗೆಯೊಂದು ಕೆಳಗಿಳಿಯುತ್ತದೆ. ಅದರ ತುಂಬ ತೇಗದ ಅಚ್ಚುಗಳು: ಗಿಳಿ, ಮೀನು, ಆನೆ, ಕಮಲ, ತುಳಸಿ ಬೃಂದಾವನ. ಜೋಡಿ ಹೋಳುಗಳನ್ನು ಬಿಡಿಸಿದರೆ ಕಾಣುವುದು ಗಿಳಿಯಷ್ಟು ಖಾಲಿ ಜಾಗ. ಕೆತ್ತಿದವನು ಎಲ್ಲವನ್ನೂ ತಿರುವುಮುರುವಾಗಿ ಕಂಡಿದ್ದಾನೆ. ಉಬ್ಬಬೇಕಾದ ರೆಕ್ಕೆಗೆ ತಗ್ಗು, ತಗ್ಗಬೇಕಾದ ಗೆರೆಗೆ ಉಬ್ಬು. ಸಿಹಿಯನ್ನು ನಾವು ನಾಲಿಗೆಯಿಂದಲೇ ಅಳೆಯುತ್ತೇವೆ. ಈ ಮರದ ಅಚ್ಚುಗಳಿಗೆ ಪಾಕ ಸುರಿದು ಮಾಡುವ ಸಕ್ಕರೆ ಅಚ್ಚನ್ನು ಮಾತ್ರ ಮೊದಲು ಕಣ್ಣಿನಿಂದ ಸವಿಯಬೇಕು.

ಅಚ್ಚು ಹಾಕುವವರಿಗೆ ಸಿಗುವ ಹೊತ್ತು ಬಹಳ ಕಡಿಮೆ. ಮರವನ್ನು ಮೊದಲು ನೀರಲ್ಲಿ ನೆನೆಸಬೇಕು. ಒಣಗಿದ್ದರೆ ಸಕ್ಕರೆ ಕಚ್ಚಿಕೊಳ್ಳುತ್ತದೆ. ಕುದಿಯುವ ಪಾಕಕ್ಕೆ ಒಂದಿಷ್ಟು ಹಾಲು ಬಿದ್ದರೆ ಕೊಳೆಯೆಲ್ಲ ನೊರೆಯಾಗಿ ಮೇಲೇಳುತ್ತದೆ. ಅದನ್ನು ತೆಗೆದು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸ್ವಲ್ಪವೇ ಕಾಯಿಸಿ, ಬಿಡದೆ ತಿರುವಿ, ಪಾಕ ಬೆಳ್ಳಗಾಗತೊಡಗಿದ ಕೂಡಲೇ ದಾರ ಬಿಗಿದ ಅಚ್ಚಿಗೆ ಸುರಿಯಬೇಕು. ಆತುರಪಟ್ಟರೆ ಗಟ್ಟಿಯಾಗದು, ತಡಮಾಡಿದರೆ ಪಾತ್ರೆಯಲ್ಲೇ ಹರಳುಗಟ್ಟುತ್ತದೆ.

ಒಳ್ಳೆಯ ಅಚ್ಚಿನ ಗುರುತು ಮೂರು. ಗಿಳಿಯ ಕೊಕ್ಕು ಮುರಿದಿರಬಾರದು. ರೆಕ್ಕೆಯ ಗೆರೆಗಳು ಬೆರಳಿಗೆ ತಾಗಬೇಕು. ಕಡಿದಾಗ ಮರಳಿನಂತೆ ಕರಕರ ಎನ್ನದೆ ಕರಗಬೇಕು. ಬಣ್ಣ ಹಾಕುವವರೂ ಇದ್ದಾರೆ. ನನಗೆ ಬಿಳಿಯೇ ಚೆಂದ, ಬಿಳಿಯಲ್ಲಿ ಕೆತ್ತನೆ ಸ್ಪಷ್ಟವಾಗಿ ಕಾಣುತ್ತದೆ.

ಧಾರವಾಡ, ಹಾವೇರಿ, ಗದಗ ಕಡೆ ಇದೇ ಕಲೆ ದೀಪಾವಳಿ ಮುಗಿದ ಮೇಲಿನ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿಯಾಗುತ್ತದೆ. ಹೆಣ್ಣುಮಕ್ಕಳು ಸಕ್ಕರೆ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು ಗೌರಿಗೆ ಬೆಳಗುತ್ತಾರೆ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯಿಂದ ಸಕ್ಕರೆ ಆರತಿ ಬರುತ್ತದೆ. ಅಲ್ಲಿ ಅದು ಹೊಸ ಸಂಬಂಧದ ಮೊದಲ ಮಾತು. ನಮ್ಮ ಹಳೆ ಮೈಸೂರಿನ ಕಡೆ ಸಂಕ್ರಾಂತಿಗೆ ಅಚ್ಚನ್ನು ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜಗಳ ಜೊತೆ ಬೀರುವಾಗ, ಹಳೆಯ ಸಂಬಂಧ ಹಳಸದಿರಲಿ ಎಂಬ ಹಾರೈಕೆ. ಎರಡೂ ಕಡೆ ಅಚ್ಚು ಹುಟ್ಟುವುದು ಇನ್ನೊಬ್ಬರ ಕೈಗೆ ಹೋಗಲೆಂದೇ. ಮಾಡಿದವರ ಮನೆಯಲ್ಲಿ ಉಳಿಯುವುದು ಮರದ ಹೋಳುಗಳು.

ಅಂಗಡಿಯಲ್ಲಿ ಪೊಟ್ಟಣ ಕಟ್ಟಿದ ಅಚ್ಚು ಸಿಗುತ್ತದೆ, ನಿಜ. ಆದರೆ ನಿಮ್ಮ ಅಟ್ಟದಲ್ಲೂ ಅಜ್ಜಿಯ ಕಾಲದ ಅಚ್ಚುಗಳಿದ್ದರೆ ಈ ವಾರವೇ ಕೆಳಗಿಳಿಸಿ, ನೆನೆಹಾಕಿ. ಪಾಕ ನೀವು ಸುರಿಯಿರಿ. ದಾರ ಬಿಚ್ಚುವ ಕೆಲಸವನ್ನು ಮನೆಯ ಮಕ್ಕಳಿಗೆ ಬಿಡಿ.